ಪ್ರಾಣಿ ಪಾಲನೆ ಕೋರ್ಸ್: ಆರು ವಾರದಿಂದ ಬರೀ ಗೂಡು ತೊಳೆಯೋದೇ. ಇದು ಹೀಗೇನಾ?

ಗೂಡುತೊಳೆಯೋಳು:

ಪ್ರಾಣಿ ಪಾಲನೆ ಮತ್ತು ನಿರ್ವಹಣೆ ಕೋರ್ಸಿಗೆ ಸೇರಿ ಆರು ವಾರ ಆಯ್ತು. ಸೇರುವಾಗ ತಲೇಲಿ ಇದ್ದದ್ದೇ ಬೇರೆ: ನಾಯಿ ಪಳಗಿಸೋದು, ಕುದುರೆ ಮೈ ಉಜ್ಜೋದು, ಗಾಯಕ್ಕೆ ಪಟ್ಟಿ ಕಟ್ಟೋದು. ಆಗ್ತಿರೋದು ಏನಂದ್ರೆ, ಬೆಳಗ್ಗೆ ಗಮ್‌ಬೂಟು ಏರಿಸ್ಕೊಂಡು ಸಣ್ಣ ಪ್ರಾಣಿಗಳ ಕೋಣೆಗೆ ಹೋಗಿ ಹನ್ನೊಂದು ಮೊಲದ ಗೂಡು, ಎಂಟು ಗಿನಿಪಿಗ್ ಗೂಡು ಬಾಚಿ, ತೊಳೆದು, ಒರೆಸಿ, ರಿಜಿಸ್ಟರಲ್ಲಿ 'ಸಾಮಾನ್ಯ' ಅಂತ ಬರೆದು ಸಹಿ ಹಾಕೋದು. ಮಧ್ಯಾಹ್ನ ಥಿಯರಿ, ಅರ್ಧ ನಿದ್ದೆ. ಮನೇಲಿ ಅಣ್ಣ ದಿನಾ ಕೇಳ್ತಾನೆ, "ಇವತ್ತು ಎಷ್ಟು ಬುಟ್ಟಿ ಹೊತ್ತೆ?"

ನಿನ್ನೆ ಹಾವಿಗೆ ತಿನ್ನಿಸೋ ಪಾಳಿ ನಂದು. ಫ್ರೀಜರಿಂದ ತೆಗೆದಿಟ್ಟಿದ್ದ ಇಲೀನ ಇಕ್ಕಳದಲ್ಲಿ ಹಿಡಿಯೋಕೂ ಆಗ್ಲಿಲ್ಲ, ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಪ್ರಾಣಿ ಅಂದ್ರೆ ಜೀವ ಅಂತ ಸೇರಿದವಳು ನಾನು. ಮುಂದೆ ಏನಾದ್ರೂ ಬದಲಾಗುತ್ತಾ, ಇಲ್ಲ ಈಗಲೇ ಬಿಡೋದು ಒಳ್ಳೇದಾ?

ಎರಡನೇವರ್ಷ:

ಬದಲಾಗುತ್ತೆ. ಎರಡನೇ ವರ್ಷಕ್ಕೆ ಹಿಕ್ಕೆ ಹೋಗಿ ಸಗಣಿ ಬರುತ್ತೆ.

ಮೊಲದಕ್ಕ:

'ಸಾಮಾನ್ಯ' ಅಂತ ಬರೆದು ಸಹಿ ಹಾಕ್ತೀನಿ ಅಂದ್ಯಲ್ಲ, ನಾನು ಓದ್ತಾ ಓದ್ತಾ ಅಲ್ಲೇ ನಿಂತೆ. ನಾನೂ ಹಾಗೇ ಬರೆದವಳು. ಇದೇ ಕೋರ್ಸ್ ಮುಗಿಸಿ ಈಗ ಪ್ರಾಣಿ ಆಶ್ರಯಧಾಮದಲ್ಲಿ ಕೆಲಸ, ಒಂಬತ್ತು ವರ್ಷ ಆಯ್ತು.

ನಮ್ಮ ಕಾಲೇಜಲ್ಲಿ ನಾಲ್ಕನೇ ಗೂಡಲ್ಲಿ ಕಂದು ಬಣ್ಣದ, ಕಿವಿ ಜೋತಿರೋ ಹೆಣ್ಣು ಮೊಲ ಇತ್ತು. ಒಂದಿನ ಬೆಳಗ್ಗೆ ಟ್ರೇ ಎಳೆದ್ರೆ ಹಿಕ್ಕೆ ಲೆಕ್ಕಕ್ಕೆ ಹತ್ತೋ ಹನ್ನೆರಡೋ, ಅದೂ ಸಾಸಿವೆಗಿಂತ ಚೂರು ದಪ್ಪ. ಕೆಲಸ ಬೇಗ ಮುಗೀತು ಅಂತ ಖುಷಿಪಟ್ಟೆ. ಹುಲ್ಲಿನ ತಟ್ಟೆ ತುಂಬಿತ್ತು, ಅದನ್ನ ತುಂಬಿಸೋ ಕೆಲಸವೂ ಉಳೀತು ಅಂದ್ಕೊಂಡೆ. 'ಸಾಮಾನ್ಯ'. ಸಹಿ. ಸಂಜೆ ಮೇಡಂ ಬಂದು ಅದೇ ಹುಲ್ಲಿಗೆ ಬೆರಳಿಟ್ಟು, "ಇದು ನಿನ್ನೆ ಹಾಕಿದ ಹುಲ್ಲು ತಾನೇ?" ಅಂದ್ರು. ಮೊಲ ಮೂಲೇಲಿ ಬೆನ್ನು ಗೂನು ಮಾಡ್ಕೊಂಡು ಕೂತಿತ್ತು, ಹಲ್ಲು ಕಡಿಯೋ ಸದ್ದು ಗೂಡಿನ ಹೊರಗೂ ಕೇಳ್ತಿತ್ತು. ಮೊಲದ ಹಲ್ಲು ಸಾಯೋವರೆಗೂ ಬೆಳೀತಾನೇ ಇರುತ್ತೆ, ಹುಲ್ಲು ಅಗಿದು ಅಗಿದೇ ಅದು ಸವೀಬೇಕು. ಇದರ ದವಡೆ ಹಲ್ಲಿನ ಅಂಚು ಮುಳ್ಳಿನ ಹಾಗೆ ಬೆಳೆದು ನಾಲಿಗೆ ಕೊಯ್ದಿತ್ತು. ತಿನ್ನೋದು ನಿಂತ್ರೆ ಮೊಲದ ಕರುಳೂ ನಿಲ್ಲುತ್ತೆ. ಅರ್ಧ ದಿನ ತಿನ್ನಲಿಲ್ಲ ಅಂದ್ರೇನೇ ತುರ್ತು. ಡಾಕ್ಟರು ಹಲ್ಲು ಸರಿಮಾಡಿದ್ರು, ಆಮೇಲೆ ಐದು ದಿನ ಸಿರಿಂಜಲ್ಲಿ ತಿನ್ನಿಸಿದ್ದು ನಾನೇ. ಬದುಕ್ತು. ಆದ್ರೆ ಕಸ ಕಮ್ಮಿ ಇದೆ ಅಂತ ಖುಷಿಪಟ್ಟ ಆ ಬೆಳಗ್ಗೆ ಇವತ್ತಿಗೂ ಚುಚ್ಚುತ್ತೆ.

ನಿನಗೆ ಕೊಟ್ಟಿರೋದು ತೊಳೆಯೋ ಕೆಲಸ ಅಂತ ನೀನು ಅಂದ್ಕೊಂಡಿದೀಯ. ಹತ್ತೊಂಬತ್ತು ಪ್ರಾಣಿಗಳ ರಿಪೋರ್ಟು ದಿನಾ ಬೆಳಗ್ಗೆ ಆ ಟ್ರೇನಲ್ಲೇ ಬಂದು ಕೂತಿರುತ್ತೆ ಕಣಮ್ಮ. ಮೊಲದ ಹಿಕ್ಕೆ ಕಡಲೆಕಾಳಿನಷ್ಟಿದ್ದು, ಒಣಗಿ, ಹಿಸುಕಿದ್ರೆ ಹುಲ್ಲಿನ ಪುಡಿಯಾದ್ರೆ ಸರಿ. ಕೂದಲಲ್ಲಿ ಪೋಣಿಸಿದ ಹಾಗೆ ಬಂದ್ರೆ ಮೈ ಬಾಚಬೇಕು, ಹುಲ್ಲು ಹೆಚ್ಚಿಸಬೇಕು. ದ್ರಾಕ್ಷಿಗೊಂಚಲಿನ ಹಾಗೆ ಮೆತ್ತಗಿರೋ ಇನ್ನೊಂದು ಥರ ಇರುತ್ತೆ, ಅದನ್ನ ಮೊಲ ಹಾಕಿದ ತಕ್ಷಣ ತಾನೇ ಬಾಯಿಟ್ಟು ತಿಂದುಬಿಡುತ್ತೆ. ಅದು ಗೂಡಲ್ಲಿ ಉಳಿದಿದೆ ಅಂದ್ರೆ ಕಾಳು ಜಾಸ್ತಿ ಆಗಿರಬಹುದು, ಇಲ್ಲ ಮೈ ದಪ್ಪಗಾಗಿ ಬಾಯಿ ಎಟುಕ್ತಿಲ್ಲ. ಗಿನಿಪಿಗ್‌ಗೆ ನಮ್ಮ ಹಾಗೇ ವಿಟಮಿನ್ ಸಿ ದೇಹದಲ್ಲಿ ತಯಾರಾಗಲ್ಲ, ತಿನ್ನೋದರಲ್ಲೇ ಸಿಗಬೇಕು. ಸಿಗದೇ ಇದ್ರೆ ಕೀಲು ನೋವಾಗಿ ಅಲ್ಲಾಡೋದೇ ಬಿಡುತ್ತೆ. ಸುಮ್ನೆ ಕೂತಿರೋದು ಸಾಧು ಅಂತ ಹೊಗಳಬೇಡ. ಇವೆರಡೂ ಬೇಟೆಗೆ ಸಿಗೋ ಜಾತಿ, ನೋವು ಅಷ್ಟು ಸುಲಭಕ್ಕೆ ತೋರಿಸಿಕೊಳ್ಳಲ್ಲ. ಅದಕ್ಕೇ ವಾರಕ್ಕೊಂದು ಸಲ ತಕ್ಕಡಿ, ಗ್ರಾಮ್ ಲೆಕ್ಕದಲ್ಲಿ.

ತೊಳೆಯೋದರಲ್ಲೂ ಪಾಠ ಇದೆ. ಕೊಳೆ ಮೇಲೇ ಸೋಂಕುನಾಶಕ ಸುರಿದ್ರೆ ಅದು ಕೊಳೆಗೇ ಖರ್ಚಾಗುತ್ತೆ. ಮೊದಲು ಸೋಪುನೀರು, ಆಮೇಲೆ ಔಷಧಿ, ಲೇಬಲ್ ಮೇಲೆ ಬರೆದಷ್ಟು ನಿಮಿಷ ಒದ್ದೆಯಾಗೇ ಬಿಡಬೇಕು. ಉಚ್ಚೆ ನಿಂತ ಟ್ರೇಗೆ ಬ್ಲೀಚ್ ಮಾತ್ರ ಹಾಕಲೇಬೇಡ, ಅಮೋನಿಯ ಜೊತೆ ಸೇರಿ ವಿಷದ ಗಾಳಿ ಏಳುತ್ತೆ. ನಮ್ಮ ಬ್ಯಾಚಿನ ಒಬ್ಬ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಸುರಿಸ್ಕೊಂಡು ಓಡಿ ಬಂದಿದ್ದ.

ಇಲಿ ವಿಷಯ: ನಾಚಿಕೆ ಬೇಡ. ನನಗೆ ಮೂರನೇ ಸಲಕ್ಕೆ ಕೈ ನಡುಗೋದು ನಿಂತಿದ್ದು. ಜೀವಂತ ಇಲಿ ಹಾಕಿದ್ರೆ ಅದು ಹಾವನ್ನೇ ಕಚ್ಚಿ ಗಾಯ ಮಾಡುತ್ತೆ, ಇಲಿಗೂ ಹಿಂಸೆ. ರಾತ್ರಿ ಫ್ರಿಜ್ಜಲ್ಲಿಟ್ಟು ಕರಗಿಸಿ, ಬೆಚ್ಚಗಿನ ನೀರಲ್ಲಿ ಚೀಲದ ಸಮೇತ ಬಿಸಿಮಾಡಿ, ಉದ್ದ ಇಕ್ಕಳದಲ್ಲಿ ಹಿಡಿ. ತಿಂದಮೇಲೆ ಎರಡು ದಿನ ಹಾವನ್ನ ಎತ್ತಬೇಡ, ಕಕ್ಕಿಬಿಡುತ್ತೆ.

ಲಾಯದವನು:

ಅಕ್ಕ ಹೇಳಿದ್ದಕ್ಕೆ ನನ್ನದೂ ಸಹಿ, ಆದ್ರೆ ಒಂದು ತಕರಾರು. ಆರು ವಾರ ಹುಡುಗಿ ಕೈಗೆ ಬರೀ ಪೊರಕೆ ಕೊಟ್ಟು, ಟ್ರೇನಲ್ಲಿ ಏನು ನೋಡಬೇಕು ಅಂತ ಯಾರೂ ಹೇಳಿಲ್ಲ ಅಂದ್ರೆ ಅದು ಕಲಿಸೋರ ತಪ್ಪು. ಹೋಗಿ ನೇರವಾಗಿ ಕೇಳು: ಪ್ರಾಣಿ ಹಿಡಿಯೋ ತರಬೇತಿ ಯಾವಾಗ, ಹೊರಗೆ ಕೆಲಸ ಕಲಿಯೋಕೆ ಕಳಿಸೋದು ಯಾವಾಗ.

ನಾನು ಕುದುರೆ ಕಡೆಯವನು. ಕುದುರೆಗೆ ವಾಂತಿ ಮಾಡೋಕೆ ಬರಲ್ಲ. ಒಳಗೆ ಹೋದದ್ದು ಆ ಕಡೆಯಿಂದಲೇ ಬರಬೇಕು. ಹಾಗಾಗಿ ಬೆಳಗ್ಗೆ ಲದ್ದಿ ಬಿದ್ದಿಲ್ಲ ಅಂದ್ರೆ ನನ್ನ ಹೊಟ್ಟೇಲೂ ಸಂಕಟ ಶುರು. ಕಾಲು ಎತ್ತಿ ಗೊರಸು ಕ್ಲೀನ್ ಮಾಡೋಕೆ ಬಿಡೋ ಹೊತ್ತಿಗೆ ಕೇಳು, ಹೇಳ್ತೀನಿ; ಹಿಮ್ಮಡಿಯಿಂದ ಮುಂದಕ್ಕೆ, ನಡುವಿನ ಮೆತ್ತನೆ ತ್ರಿಕೋನ ಚುಚ್ಚಬಾರದು, ಅಷ್ಟು ಈಗ ಸಾಕು.

ಟೆಟನಸ್ ಇಂಜೆಕ್ಷನ್ ಆಗಿದೆಯಾ? ಮೊಣಕೈ ಮೇಲೆ ಉಂಗುರದ ಹಾಗೆ ತುರಿಕೆ ಎದ್ರೆ ಹುಳುಕಡ್ಡಿ. ಹೆಸರಲ್ಲಿ ಹುಳು ಇದ್ರೂ ಅದು ಶಿಲೀಂಧ್ರ, ಗೂಡಿಂದ ಮನೆಗೂ ಹೋಗುತ್ತೆ. ಬಟ್ಟೆ ಬೇರೆ ಒಗಿ. ರಜಾದಿನ ಅನ್ನೋದು ಪ್ರಾಣಿಗೆ ಗೊತ್ತಿಲ್ಲ, ಅದನ್ನೂ ಯೋಚನೆ ಮಾಡೇ ಬಿಡೋದೋ ಇರೋದೋ ತೀರ್ಮಾನಿಸು.

ಗೂಡುತೊಳೆಯೋಳು:

ಥ್ಯಾಂಕ್ಸ್ ಎಲ್ಲರಿಗೂ. ಇವತ್ತು ಗಿನಿಪಿಗ್ ಎಲ್ಲದರ ತೂಕ ನೋಡಿದೆ. ಆರನೇ ಗೂಡಿನದು ಹಳೇ ಲೆಕ್ಕಕ್ಕಿಂತ 60 ಗ್ರಾಮ್ ಕಮ್ಮಿ. ಗದ್ದ ಒದ್ದೆ. ಸರ್‌ಗೆ ತೋರಿಸಿದೆ, ನಾಳೆ ಡಾಕ್ಟರ್ ಹತ್ರ ಹೋಗುವಾಗ ನೀನೂ ಬಾ ಅಂದ್ರು. ಇಂಜೆಕ್ಷನ್ ಆಗಿದೆ ಅಣ್ಣಾ. ಅಕ್ಕಾ, 'ಸಾಮಾನ್ಯ' ಬದಲು ಏನು ಬರೀಲಿ? ಜಾಗ ಒಂದೇ ಸಾಲು ಇದೆ.

ಮೊಲದಕ್ಕ:

ನಾಳೆವರೆಗೂ ಕಾಯಬೇಡ. ಗದ್ದ ಒದ್ದೆ ಅಂದ್ರೆ ಜೊಲ್ಲು, ಅಂದ್ರೆ ಹಲ್ಲಿರಬಹುದು. ಅದು ತಿನ್ನೋದನ್ನ ನೀನು ಕಣ್ಣಾರೆ ಕಂಡಿಲ್ಲ ಅಂದ್ರೆ ಈಗಲೇ ಸರ್‌ಗೆ ಫೋನ್ ಮಾಡಿ ಹೇಳು.

ಸಾಲು ಹೀಗೆ: "ಹುಲ್ಲು ಅರ್ಧ ಖಾಲಿ, ನೀರು ಕುಡಿದಿದೆ, ಹಿಕ್ಕೆ ಎಂದಿನಷ್ಟು, ಕರೆದರೆ ಬರುತ್ತೆ." ಜಾಗ ಸಾಲದಿದ್ರೆ ಅಂಚಿಗೆ ಹೋಗು.