ಕೊಟ್ಟಿಗೆಯಿರುವ ಮನೆಯಲ್ಲಿ ಹಾಲಿನ ಬಳಕೆ ಬಿಡುವುದು ಹೇಗೆ?

ಪ್ರಶ್ನೆ: ಬೇಣದಂಚು (ಸಾಗರ ತಾಲ್ಲೂಕು)

ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮದು 2 ಎಕರೆ ಅಡಿಕೆ ತೋಟ, ಅದಕ್ಕೆ ಸೇರಿದ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ಮನೆಗೆ ಅಂಟಿಕೊಂಡ ಕೊಟ್ಟಿಗೆ. ತಲೆತಲಾಂತರದಿಂದ ಸಸ್ಯಾಹಾರಿಗಳಾದ ನಮ್ಮ ಮನೆಯ ಹೊಸ್ತಿಲನ್ನು ಮೊಟ್ಟೆಯೂ ದಾಟಿದ್ದಿಲ್ಲ. ಆದ್ದರಿಂದ ನಮ್ಮ ಊಟದಲ್ಲಿ ಹಿಂಸೆಯಿಲ್ಲ ಎಂಬುದನ್ನು ನಾನು 42 ವರ್ಷ ವಿಚಾರಿಸದೆಯೇ ನಂಬಿಕೊಂಡು ಬಂದಿದ್ದೆ.

ಕಳೆದ ಮಳೆಗಾಲದಲ್ಲಿ ನಮ್ಮ ಎಚ್‌.ಎಫ್‌. (ಹೋಲ್‌ಸ್ಟೈನ್ ಫ್ರೀಸಿಯನ್) ಮಿಶ್ರತಳಿಯ ಹಸು ಗಂಡುಕರು ಹಾಕಿತು. ಉಳುವುದಕ್ಕೆ ಟಿಲ್ಲರ್ ಬಂದ ಮೇಲೆ ಎತ್ತುಗಳ ಅಗತ್ಯ ನಮ್ಮ ಕಡೆ ಯಾರಿಗೂ ಉಳಿದಿಲ್ಲ. ಮೂರನೆಯ ವಾರ ಒಬ್ಬಾತ ವಾಹನ ತಂದು, ಸಾಕುವವರಿಗೆ ಮುಟ್ಟಿಸುತ್ತೇನೆಂದು ಹೇಳಿ ಕರುವನ್ನು ಕೊಂಡೊಯ್ದನು. ಯಾವ ಊರು, ಯಾರ ಮನೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಉತ್ತರ ಸಿಕ್ಕಿಬಿಡಬಹುದು ಎಂಬ ಅಳುಕಿನಿಂದಲೇ ಕೇಳಲಿಲ್ಲ ಎಂಬುದು ಈಗ ಅರ್ಥವಾಗುತ್ತಿದೆ. ಹಸು ಎರಡು ದಿನ ಗೇಟಿನ ಕಡೆ ಮುಖ ಮಾಡಿ ಕೂಗಿತು. ಆ ಎರಡೂ ದಿನ ಅದರ ಹಾಲಿನ ಕಾಫಿಯನ್ನು ನಾನು ಕುಡಿದೆ. ಆಕಳು, ಕರು, ಎತ್ತುಗಳನ್ನು ಕೊಲ್ಲಬಾರದೆಂದು 2020ರ ಜಾನುವಾರು ಹತ್ಯೆ ನಿಷೇಧ ಕಾಯ್ದೆ ಹೇಳುತ್ತದೆ, ಸರಿ. ಆದರೆ ಬೇಡವಾದ ಕರುವಿಗೆ ಹುಲ್ಲು ಹಾಕುವವರು ಯಾರು ಎಂಬ ಪ್ರಶ್ನೆ ಕೊಟ್ಟಿಗೆಯ ಬಾಗಿಲಲ್ಲೇ ನಿಂತಿದೆ.

ಹಾಲು, ಮೊಟ್ಟೆ, ಜೇನನ್ನೂ ಬಿಟ್ಟು ಬದುಕುವವರನ್ನು ಗುರುತಿಸಲು 1944ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಸಂಗಡಿಗರು ‘ವೀಗನ್’ ಎಂಬ ಪದವನ್ನು ಬಳಕೆಗೆ ತಂದರೆಂದು ಓದಿದ್ದೇನೆ. ಆ ದಾರಿ ಹಿಡಿಯಬೇಕೆಂದು ಮನಸ್ಸಾಗಿದೆ. ಆದರೆ ತಂಬುಳಿಯಿಂದ ಹಿಡಿದು ‘ಹಸಿ’ ಎಂಬ ಮೊಸರಿನ ಪಚ್ಚಡಿಯವರೆಗೆ ಮಜ್ಜಿಗೆ, ಮೊಸರಿಲ್ಲದೆ ನಮ್ಮ ಅಡುಗೆಯೇ ಇಲ್ಲ. ದನವಿಲ್ಲದಿದ್ದರೆ ತೋಟಕ್ಕೆ ಗೊಬ್ಬರವಿಲ್ಲ. ಅಮ್ಮನಂತೂ ಇದನ್ನು ನನ್ನ ಕಾಯಿಲೆಯೆಂದೇ ತಿಳಿದಿದ್ದಾರೆ. ಇಂಥ ಮನೆಯಲ್ಲಿದ್ದುಕೊಂಡು ಹಾಲು ಬಿಟ್ಟವರು ಯಾರಾದರೂ ಇದ್ದೀರಾ? ಆರೋಗ್ಯದ ವಿಚಾರವಾಗಿಯೂ ತಿಳಿದವರು ಹೇಳಬೇಕಾಗಿ ವಿನಂತಿ.

ಉತ್ತರ: ಗಿಡ್ಡದ ಮನೆ (ಹೊಸನಗರ)

ನೀವು ಬರೆದದ್ದನ್ನು ಓದಿ ಬೇಸರವಾಯಿತು, ಆದರೆ ನಿಮ್ಮ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ನಮ್ಮ ಹಿರಿಯರು ಮಲೆನಾಡು ಗಿಡ್ಡವನ್ನು, ಅಂದರೆ ಇಲ್ಲಿನ ಕುಳ್ಳ ನಾಟಿ ದನವನ್ನು, ಸಾಕಿದ್ದು ಹಾಲಿಗಿಂತ ಹೆಚ್ಚಾಗಿ ಗೊಬ್ಬರಕ್ಕಾಗಿ. ಬೇಣದಲ್ಲಿ (ಹುಲ್ಲುಗಾವಲಿನಲ್ಲಿ) ಮೇದು, ಸಂಜೆ ತಾನೇ ಮನೆಗೆ ಬಂದು, ಕೊಟ್ಟಿಗೆಯಲ್ಲಿ ಹಾಸಿದ ಸೊಪ್ಪು, ದರಕನ್ನು (ಒಣಎಲೆ) ರಾತ್ರಿಯಿಡೀ ತುಳಿದು ಗೊಬ್ಬರ ಮಾಡಿಕೊಡುವುದು ಅದರ ಕೆಲಸ. ಅದು ಕೊಡುವುದು ದಿನಕ್ಕೆ 1ರಿಂದ 3 ಲೀಟರ್ ಹಾಲು, ಅದರಲ್ಲೂ ಕರು ಕುಡಿದು ಮಿಕ್ಕಿದ್ದಷ್ಟೇ ಮನೆಗೆ. ಆ ಲೆಕ್ಕದಲ್ಲಿ ಗಂಡು ಹೆಣ್ಣೆಂಬ ಭೇದ ಬರುತ್ತಲೇ ಇರಲಿಲ್ಲ, ಏಕೆಂದರೆ ಸಗಣಿಯನ್ನು ಎರಡೂ ಹಾಕುತ್ತವೆ.

ಲೀಟರ್ ಲೆಕ್ಕದ ಹಸು ಬಂದ ದಿನ ಈ ಸಂಬಂಧ ತಿರುಗಿತು. ಹಾಲು ನಿಲ್ಲಬಾರದೆಂದರೆ ವರ್ಷಕ್ಕೊಂದು ಕರು ಆಗಬೇಕು, ಅದಕ್ಕಾಗಿ 9 ತಿಂಗಳು ಗರ್ಭ ಹೊರಬೇಕು, ಹುಟ್ಟಿದ ಕರುವಿನ ಪಾಲಿನ ಹಾಲು ಡೇರಿಯ ಕ್ಯಾನಿಗೆ ಹೋಗಬೇಕು. ಹೆಣ್ಣುಕರುವೇ ಹುಟ್ಟುವಂತೆ ಬೇರ್ಪಡಿಸಿದ ವೀರ್ಯದ ಕಡ್ಡಿಗಳು ಈಗ ಬಂದಿವೆ, ಅದರಿಂದ ಗಂಡುಕರುಗಳು ಕಡಿಮೆಯಾಗುತ್ತವೆ ಎಂಬುದು ನಿಜ. ಹಾಲು ಬತ್ತಿದ ಮುದಿ ಹಸುವಿನ ಗತಿ ಮಾತ್ರ ಅದರಿಂದ ಬದಲಾಗುವುದಿಲ್ಲ. ನನ್ನ ಸಲಹೆಯೆಂದರೆ, ಹಾಲನ್ನು ಬಿಡಬೇಡಿ, ಹಸುವಿನ ಜಾತಿಯನ್ನು ಬದಲಿಸಿ, ಕುಡಿಯುವುದನ್ನು ಕಡಿಮೆ ಮಾಡಿ.

ಇಷ್ಟು ಹೇಳಿದ ಮೇಲೆ ನನ್ನ ಮನೆಯ ಹುಳುಕನ್ನೂ ಹೇಳಬೇಕು. ನನ್ನಲ್ಲಿ 9 ದನಗಳಿವೆ, ಕರೆಯುವುದು 2. ಬೇಣದ ಅರ್ಧಕ್ಕೆ ಅಕೇಶಿಯಾ ಬಂದಿರುವುದರಿಂದ ಹೊರಗಿನಿಂದ ಹುಲ್ಲು ತರಿಸುತ್ತೇನೆ. ಮಗ ಪೇಟೆಯಲ್ಲಿ ದುಡಿದು ಕಳುಹಿಸುವ ಹಣವಿಲ್ಲದಿದ್ದರೆ ಈ ಧರ್ಮ ಎಷ್ಟು ದಿನ ನಡೆಯುತ್ತಿತ್ತೋ ಗೊತ್ತಿಲ್ಲ.

ಉತ್ತರ: ಸ್ಟೆತಸ್ಕೋಪು (ಶಿವಮೊಗ್ಗ)

ವೈದ್ಯನಾಗಿ ಆರೋಗ್ಯದ ಭಾಗಕ್ಕೆ ಮಾತ್ರ ಉತ್ತರಿಸುತ್ತೇನೆ. ಹಾಲು ಬಿಟ್ಟು ಆರೋಗ್ಯವಾಗಿರಲು ಸಾಧ್ಯ, ಆದರೆ ಬಿ12 ಜೀವಸತ್ವದ ವಿಷಯದಲ್ಲಿ ರಾಜಿ ಮಾಡಿಕೊಳ್ಳುವಂತಿಲ್ಲ. ಇದನ್ನು ತಯಾರಿಸುವುದು ಬ್ಯಾಕ್ಟೀರಿಯಾಗಳು. ಸೊಪ್ಪು, ಕಾಳು, ತರಕಾರಿಗಳಲ್ಲಿ ನಂಬಿಕೊಳ್ಳುವಷ್ಟು ಪ್ರಮಾಣದಲ್ಲಿ ಅದು ಇರುವುದಿಲ್ಲ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 2 ಮೈಕ್ರೋಗ್ರಾಂಗಿಂತ ತುಸು ಹೆಚ್ಚು, ಅಷ್ಟೇ. ಪಿತ್ತಜನಕಾಂಗದಲ್ಲಿ ಕೆಲವು ವರ್ಷಗಳಿಗೆ ಸಾಲುವಷ್ಟು ದಾಸ್ತಾನು ಇರುವುದರಿಂದ, ಹಾಲು ಬಿಟ್ಟ ಮೊದಲ ವರ್ಷ ‘ನನಗೇನೂ ಆಗಿಲ್ಲ’ ಎಂದು ಹೇಳಿಕೊಳ್ಳುವವರು ಮೂರನೆಯ ವರ್ಷ ಪಾದಗಳಲ್ಲಿ ಜೋಮು, ಸುಸ್ತು, ನಾಲಿಗೆಯ ಉರಿ, ಮರೆವು ಎಂದು ಬರುತ್ತಾರೆ. ನರಗಳಿಗೆ ಆದ ಹಾನಿ ತಡವಾಗಿ ತಿಳಿದರೆ ಪೂರ್ತಿ ಸರಿಹೋಗದೆಯೂ ಇರಬಹುದು.

ಆದ್ದರಿಂದ ಶುರುಮಾಡುವ ಮೊದಲೇ ರಕ್ತ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದ ಪ್ರಮಾಣದಲ್ಲಿ ಮಾತ್ರೆ ತೆಗೆದುಕೊಳ್ಳಿ. ಅದೇ ವೇಳೆ ಮನೆಯವರದನ್ನೂ ಮಾಡಿಸಿ. ಊಟದ ಕೊನೆಗೆ ನೀರುಮಜ್ಜಿಗೆ ಸುರಿದುಕೊಳ್ಳುವುದನ್ನೇ ಹಾಲಿನ ಸೇವನೆಯೆಂದು ತಿಳಿದ ಸಸ್ಯಾಹಾರಿಗಳಲ್ಲಿ, ಅದರಲ್ಲೂ ಮಧುಮೇಹಕ್ಕೆಂದು ಮೆಟ್‌ಫಾರ್ಮಿನ್ ನುಂಗುವ ಹಿರಿಯರಲ್ಲಿ, ಈ ಕೊರತೆಯನ್ನು ನಾನು ಆಗಾಗ ನೋಡುತ್ತೇನೆ. ಇನ್ನೊಂದು ಮಾತು: ಬಿ12 ಇಂದು ಬ್ಯಾಕ್ಟೀರಿಯಾಗಳಿಂದಲೇ ತಯಾರಾಗುತ್ತದೆಯಾದರೂ, ಅದನ್ನು ತುಂಬುವ ಮೆತ್ತನೆಯ ಕ್ಯಾಪ್ಸೂಲಿನ ಕವಚ ಸಾಮಾನ್ಯವಾಗಿ ದನದ ಮೂಳೆ, ಚರ್ಮದಿಂದ ತೆಗೆದ ಜೆಲಾಟಿನ್ ಆಗಿರುತ್ತದೆ. ನಿಮ್ಮ ಉದ್ದೇಶಕ್ಕೆ ಗುಳಿಗೆಯೇ ಸೂಕ್ತ.

ಸುಣ್ಣದ ಅಂಶದ (ಕ್ಯಾಲ್ಸಿಯಂ) ಬಗ್ಗೆ ಚಿಂತೆ ಬೇಡ. 100 ಗ್ರಾಂ ಹಸುವಿನ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಇದ್ದರೆ ಅಷ್ಟೇ ತೂಕದ ರಾಗಿಯಲ್ಲಿ 340ಕ್ಕಿಂತ ಹೆಚ್ಚಿದೆ, ಸಿಪ್ಪೆ ತೆಗೆಯದ ಎಳ್ಳಿನಲ್ಲಿ ಇನ್ನೂ ಹೆಚ್ಚು. ಪ್ರೋಟೀನಿಗೆ ಹುರುಳಿ, ಹೆಸರು, ಅಲಸಂದೆ ಸಾಕು. ಊಟದ ಜೊತೆಗೇ ಕಾಫಿ, ಚಹಾ ಕುಡಿದರೆ ಕಬ್ಬಿಣದ ಅಂಶ ಮೈಗೆ ಹತ್ತುವುದು ಕಡಿಮೆಯಾಗುವುದರಿಂದ ಒಂದು ತಾಸು ಅಂತರವಿರಲಿ.

ಉತ್ತರ: ಕಲ್ಲುಸಾರ (ತೀರ್ಥಹಳ್ಳಿ)

ನಾನು ಹಾಲು ಬಿಟ್ಟು 6 ವರ್ಷವಾಯಿತು. ಆದರೆ ನಾನು ಬಂದದ್ದು ನಿಮ್ಮ ದಾರಿಯಿಂದಲ್ಲ. ಮೊದಲ ಮಳೆಗೆ ಹಳ್ಳ ಹತ್ತುವ ಮೀನಿಗಾಗಿ ರಾತ್ರಿಯೆಲ್ಲ ಗದ್ದೆಯಲ್ಲಿರುವವರ ಮನೆ ನಮ್ಮದು. ನಾನು ಕೋಳಿ, ಮೀನು, ಹಾಲು ಎಲ್ಲವನ್ನೂ ಒಂದೇ ವರ್ಷದಲ್ಲಿ ಬಿಟ್ಟೆ. ಸ್ವಲ್ಪ ಕಟುವಾಗಿ ತೋರಿದರೆ ಕ್ಷಮಿಸಿ: ‘ತಲೆತಲಾಂತರದಿಂದ ಸಸ್ಯಾಹಾರಿಗಳು’ ಎಂಬುದು ಹುಟ್ಟಿನಿಂದ ಬಂದದ್ದೇ ಹೊರತು ನೀವು ಆರಿಸಿಕೊಂಡದ್ದಲ್ಲ. ಶಾಲೆಯಲ್ಲಿ ನನ್ನ ಬುತ್ತಿಯ ಪಕ್ಕ ಕೂರದಿದ್ದ ಗೆಳತಿಯ ಬುತ್ತಿಯಲ್ಲಿ ಮೊಸರನ್ನವಿರುತ್ತಿತ್ತು. ನೀವು ನಿಜವಾಗಿ ಆರಿಸಿಕೊಳ್ಳುತ್ತಿರುವುದು ಈಗ. ಅದಕ್ಕಾಗಿಯೇ ಇದು ಕಷ್ಟವಾಗುತ್ತಿದೆ.

ಅಡುಗೆಯ ಕಷ್ಟ ನೀವು ಅಂದುಕೊಂಡಷ್ಟಿಲ್ಲ. ಒಂದೆಲಗದ ತಂಬುಳಿಗೆ ಜೀರಿಗೆ, ಮೆಣಸಿನಕಾಳಿನೊಡನೆ ಕಾಯಿಯನ್ನು ತುಸು ಹೆಚ್ಚಾಗಿಯೇ ಅರೆದು, ಮಜ್ಜಿಗೆಯ ಬದಲು ನೆನೆಸಿದ ಮುರುಗಲು (ಕೋಕಂ) ಸಿಪ್ಪೆಯ ನೀರು ಹಾಕಿ. ಬಣ್ಣ ಬದಲಾಗುತ್ತದೆ, ಹುಳಿ ಬದಲಾಗುವುದಿಲ್ಲ. ಅಪ್ಪೆಹುಳಿ, ಪತ್ರೊಡೆ, ಕಳಲೆ ಪಲ್ಯ, ಹಲಸಿನ ಹಪ್ಪಳ, ಕಾಯಿಹಾಲಿನ ಪಾಯಸ ಇವೆಲ್ಲ ಮೊದಲಿನಿಂದಲೂ ಹಾಲಿಲ್ಲದವೇ. ಮೊಸರು ಬೇಕೇಬೇಕೆಂದರೆ ನೆನೆಸಿದ ಶೇಂಗಾವನ್ನು ಅರೆದು ಸೋಸಿ, ಕಾಯಿಸಿ, ಬೆಚ್ಚಗಿರುವಾಗ ಹಸಿಮೆಣಸಿನ ನಾಲ್ಕು ತೊಟ್ಟು ಹಾಕಿಡಿ. ಮಲೆನಾಡಿನ ಚಳಿಯಲ್ಲಿ ಒಲೆಯ ಪಕ್ಕ ಇಟ್ಟರೆ ಮಾತ್ರ ಹೆಪ್ಪಾಗುತ್ತದೆ. ಮೊದಲ ಮೂರು ಸಲ ನನ್ನದು ಹಾಳಾಯಿತು. ಕಾಫಿಗೆ ಕಾಯಿಹಾಲು ಹಾಕಿ ಕುದಿಸಿದರೆ ಒಡೆಯುತ್ತದೆ, ಬೆಲ್ಲದ ಕಪ್ಪು ಕಾಫಿಯೇ ಲೇಸು. ತುಪ್ಪದ ಜಾಗಕ್ಕೆ ಉಪ್ಪಾಗೆ ಎಂಬ ಕಾಡುಹಣ್ಣಿನ ಬೀಜದ ತುಪ್ಪವಿದೆ; ಚಳಿಗೆ ಮೇಣದಂತೆ ಗಟ್ಟಿಯಾಗುತ್ತದೆ, ಆದರೆ ದೋಸೆಗೆ ಅದರ ಘಮ ಚೆನ್ನ.

ಅಂಗಡಿಯಲ್ಲಿ ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ನಂಬಬೇಡಿ, ಹಾಲಿನ ಪುಡಿಯಿದ್ದರೂ ಹಸಿರು ಚುಕ್ಕೆಯೇ ಇರುತ್ತದೆ. ವೀಗನ್ ಆಹಾರಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರವು 2022ರ ನಿಯಮಗಳಲ್ಲಿ ಬೇರೆಯದೇ ಗುರುತು ಇಟ್ಟಿದೆ.

ಉತ್ತರ: ಹೊಂಬುಜದ ಓದುಗ

ಗಂಡುಕರುವಿನ ಮಾತು ಓದಿದಾಗ ನನಗೆ ಜನ್ನನ ‘ಯಶೋಧರ ಚರಿತೆ’ಯ ಹಿಟ್ಟಿನ ಹುಂಜ ನೆನಪಾಯಿತು. ಅಲ್ಲಿ ರಾಜ ಯಶೋಧರ ತಾಯಿಯೊಡನೆ ಬಲಿಕೊಟ್ಟದ್ದು ಹಿಟ್ಟಿನ ಕೋಳಿ, ಆದರೂ ಕೊಲ್ಲುವ ಸಂಕಲ್ಪವಿತ್ತಾದ್ದರಿಂದ ತಾಯಿ ಮಗ ಜನ್ಮಜನ್ಮಾಂತರ ಅಲೆಯಬೇಕಾಯಿತು. ನಿಮ್ಮದು ಅದರ ತಿರುವು: ಸಂಕಲ್ಪವಿರಲಿಲ್ಲ, ಕರು ಮಾತ್ರ ನಿಜವಾದದ್ದು.

ನಮ್ಮ ಜೈನ ಶ್ರಾವಕಾಚಾರದಲ್ಲಿ (ಗೃಹಸ್ಥರ ನಡವಳಿಕೆಯ ನಿಯಮ) ಹಿಂಸೆಯನ್ನು ಸಂಕಲ್ಪಿ (ಬೇಕೆಂದೇ ಮಾಡುವುದು), ಆರಂಭಿ (ಮನೆಗೆಲಸದಲ್ಲಿ ಆಗುವುದು), ಉದ್ಯೋಗಿ (ಕಸುಬಿನಲ್ಲಿ ಆಗುವುದು), ವಿರೋಧಿ (ಆತ್ಮರಕ್ಷಣೆಯಲ್ಲಿ ಆಗುವುದು) ಎಂದು ನಾಲ್ಕಾಗಿ ಹೇಳುತ್ತಾರೆ. ಗೃಹಸ್ಥನು ಬೇಕೆಂದೇ ಮಾಡುವ ಮೊದಲನೆಯದನ್ನು ಪೂರ್ತಿ ಬಿಡಬೇಕು, ಅಡುಗೆ, ಬೇಸಾಯದಂಥವುಗಳಲ್ಲಿ ತಪ್ಪದೆ ಆಗುವುದನ್ನು ಆದಷ್ಟು ತಗ್ಗಿಸಬೇಕು. ಗೆಡ್ಡೆ, ಬೇರುಗಳನ್ನು ಬಿಟ್ಟ ನಮ್ಮ ಮನೆಗಳಲ್ಲೂ ಹಾಲು ನಿರಾತಂಕವಾಗಿ ನಡೆದು ಬಂದಿದೆ. ಹೊಸನಗರದ ಹಿರಿಯರು ಹೇಳಿದ ಗಿಡ್ಡದ ಕಾಲದಲ್ಲಿ ಅದು ಉದ್ಯೋಗದ ಹಿಂಸೆಯಾಗಿದ್ದಿರಬಹುದು. ಕರು ಹೋಗುವ ದಾರಿ ಗೊತ್ತಿದ್ದೂ ವರ್ಷ ವರ್ಷ ಬಸಿರು ಮಾಡಿಸುವುದನ್ನು ಯಾವ ಪಟ್ಟಿಗೆ ಸೇರಿಸಬೇಕು ಎಂಬುದರ ಮೇಲೆ ನನಗೂ ನನ್ನ ತಂದೆಯವರಿಗೂ ಇನ್ನೂ ಒಮ್ಮತವಾಗಿಲ್ಲ.

ಮರುಉತ್ತರ: ಬೇಣದಂಚು

ಎಲ್ಲರಿಗೂ ಕೃತಜ್ಞತೆ. ತೀರ್ಥಹಳ್ಳಿಯವರ ಮಾತಿನಲ್ಲಿ ಕ್ಷಮೆ ಕೇಳುವಂಥದ್ದೇನೂ ಇಲ್ಲ. ಆ ಬುತ್ತಿಯ ಪಕ್ಕ ಕೂರದವರಲ್ಲಿ ನಾನೂ ಒಬ್ಬನಾಗಿದ್ದೆ.

ಮನೆಯಲ್ಲಿ ಕೂತು ಮಾತಾಡಿದೆವು. ಹಸುವನ್ನು ಮಾರುವುದಿಲ್ಲ, ಇನ್ನು ಮುಂದೆ ಬಸಿರು ಮಾಡಿಸುವುದೂ ಇಲ್ಲ. ಹಾಲು ಬತ್ತಿದ ಮೇಲೂ ಅದು ಗೊಬ್ಬರಕ್ಕೆಂದು ಕೊಟ್ಟಿಗೆಯಲ್ಲೇ ಇರುತ್ತದೆ. ಅಲ್ಲಿಯವರೆಗೆ ಕರೆಯಲೇಬೇಕಾದ ಹಾಲು ಡೇರಿಗೆ ಹೋಗುತ್ತದೆ, ಆ ಹಣದಿಂದಲೇ ಹಿಂಡಿ ಬರುತ್ತದೆ. ಇದು ಅರೆಮನಸ್ಸಿನ ಏರ್ಪಾಡೆಂದು ಯಾರಾದರೂ ಹೇಳಿದರೆ ಒಪ್ಪಿಕೊಳ್ಳುತ್ತೇನೆ. ನಾನೊಬ್ಬ ಹಾಲು ಬಿಟ್ಟಿದ್ದೇನೆ. ಅಮ್ಮ, ಮಡದಿ ಬಿಟ್ಟಿಲ್ಲ, ನಾನು ಕೇಳಲೂ ಇಲ್ಲ. ಸೋಮವಾರ ಮೂವರ ರಕ್ತ ಪರೀಕ್ಷೆಯಿದೆ.

ಮುರುಗಲು ತಂಬುಳಿಯನ್ನು ಅಮ್ಮನೇ ಮಾಡಿಕೊಟ್ಟರು. ಉಪ್ಪಾಗೆ ತುಪ್ಪದ ವಿಷಯ ಹೇಳಿದಾಗ ನಕ್ಕು, ‘ನಿನ್ನ ಅಜ್ಜಿ ದೋಸೆಗೆ ಹಾಕುತ್ತಿದ್ದದ್ದು ಅದನ್ನೇ, ಹಸುವಿನ ತುಪ್ಪ ದೇವರಿಗೂ ನೆಂಟರಿಗೂ ಮಾತ್ರ’ ಎಂದರು. ನಮ್ಮ ಬೆಟ್ಟದಲ್ಲಿ ಎರಡು ಉಪ್ಪಾಗೆ ಮರಗಳಿವೆ. ಸಿಪ್ಪೆಯನ್ನು ವ್ಯಾಪಾರಿಗೆ ಕೊಟ್ಟು ಬೀಜವನ್ನು ಇಷ್ಟು ವರ್ಷ ಎಸೆಯುತ್ತಿದ್ದೆವು. ಅದನ್ನು ಎಷ್ಟು ದಿನ ಒಣಗಿಸಿ ಕಾಯಿಸಬೇಕೆಂದು ಕಲ್ಲುಸಾರ ಅವರು ದಯವಿಟ್ಟು ತಿಳಿಸಬೇಕು.