ಪದಚರ್ಚೆ: ‘ಕರುಳಿನ ಚಲನೆ’ ಎಂದರೆ ಯಾವುದು?

ನಮಸ್ಕಾರ. ಸಿರೊಟೊನಿನ್ (ಕರುಳಿನ ಕೋಶಗಳು ಸ್ರವಿಸುವ ಒಂದು ರಾಸಾಯನಿಕ) ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂರು ದಿನಗಳಿಂದ ಒಂದೇ ಪದ ಕಾಲಿಗೆ ತೊಡರುತ್ತಿದೆ.

ಪೆರಿಸ್ಟಾಲ್ಸಿಸ್, ಮೊಟಿಲಿಟಿ, ಬವೆಲ್ ಮೂವ್‌ಮೆಂಟ್ ಮೂರಕ್ಕೂ ‘ಕರುಳಿನ ಚಲನೆ’ ಎಂದೇ ಬರೆದುಬಿಡುತ್ತೇವೆ, ನಾನೂ ಬರೆದವನೇ. ಕೊನೆಯದು ಬರಿಯ ಮಲವಿಸರ್ಜನೆ. ಮೊಟಿಲಿಟಿಯಲ್ಲಿ ಕರುಳು ಅನ್ನವನ್ನು ಇದ್ದಲ್ಲೇ ಕಲಸುವುದೂ ಸೇರುತ್ತದೆ. ಪೆರಿಸ್ಟಾಲ್ಸಿಸ್ ಮಾತ್ರ ಮುಂದಕ್ಕೆ ದೂಡುವ ಅಲೆ.

ಇಷ್ಟು ಕೂದಲು ಸೀಳುವುದೇಕೆ ಎಂದರೆ, 1950ರ ದಶಕದ ಪ್ರಯೋಗಗಳನ್ನು ನೋಡಿ. ಗಿನಿಯಿಲಿಯ ಸಣ್ಣಕರುಳಿನ ತುಂಡೊಂದನ್ನು ಬೆಚ್ಚಗಿನ ಲವಣದ್ರಾವಣದಲ್ಲಿ ಜೀವಂತವಾಗಿಟ್ಟು, ಎಡಿತ್ ಬುಲ್‌ಬ್ರಿಂಗ್ ಮತ್ತು ಲಿನ್ 1958ರಲ್ಲಿ ಅದರ ಕೊಳವೆಯೊಳಗೆ ಸಿರೊಟೊನಿನ್ ಹರಿಸಿದರು. ಅಲೆಗಳು ಚುರುಕಾದವು. ಅದೇ ವಸ್ತುವನ್ನು ಕರುಳಿನ ಹೊರಮೈಗೆ ಹಾಕಿದಾಗ ಸ್ನಾಯುವೇನೋ ಬಿಗಿಯುತ್ತದೆ, ಆದರೆ ಅಲೆ ಅಡಗುತ್ತದೆ. ಈಗ ‘ಸಿರೊಟೊನಿನ್ ಕರುಳಿನ ಚಲನೆಯನ್ನು ಹೆಚ್ಚಿಸುತ್ತದೆ’ ಎಂದು ಬರೆದರೆ ಓದುಗರು ಏನೆಂದು ತಿಳಿಯಬೇಕು? (‘ಗಿನಿ ಹಂದಿ’ ಎಂದು ಅಚ್ಚಾಗುವುದನ್ನೂ ದಯವಿಟ್ಟು ನಿಲ್ಲಿಸೋಣ. ಅದು ದಂಶಕ, ಹಂದಿಯ ಕುಲದ್ದಲ್ಲ.)

ಕ್ರಿಯಾಪದದಲ್ಲೂ ತೊಡಕಿದೆ. ಸುಂಡಿಲಿಯ ದೊಡ್ಡಕರುಳಿನ ಒಳಪೊರೆಯನ್ನು, ಅಂದರೆ ಸಿರೊಟೊನಿನ್ ಸ್ರವಿಸುವ ಕೋಶಗಳಿರುವ ಪೊರೆಯನ್ನೇ, ಸುಲಿದು ತೆಗೆದರೂ ಸಂಕೋಚನದ ಅಲೆಗಳು ಸಾಗುವುದು 2010ರಲ್ಲಿ ಕಂಡುಬಂತು. ಹಾಗಾಗಿ ‘ಅಲೆಯನ್ನು ಉಂಟುಮಾಡುತ್ತದೆ’ ಎನ್ನಲಾರೆ, ‘ಚುರುಕುಗೊಳಿಸುತ್ತದೆ’ ಎನ್ನುವುದೇ ಸರಿ.

ಪೆರಿಸ್ಟಾಲ್ಸಿಸ್‌ಗೆ ಹಿಂದಿಯವರು ‘ಕ್ರಮಾಕುಂಚನ’ ಎನ್ನುತ್ತಾರೆ. ಸೊಗಸಾಗಿದೆ, ಆದರೆ ಕುಗ್ಗುವುದನ್ನಷ್ಟೇ ಹೇಳುತ್ತದೆ. ಶರೀರಕ್ರಿಯಾ ವಿಜ್ಞಾನಿಗಳಾದ ಬೇಲಿಸ್ ಮತ್ತು ಸ್ಟಾರ್ಲಿಂಗ್ 1899ರಲ್ಲಿ ನಾಯಿಯ ಕರುಳಿನಲ್ಲಿ ಕಂಡದ್ದು ಎರಡು ಕೆಲಸ: ತುತ್ತಿನ ಹಿಂದೆ ಬಿಗಿತ, ಮುಂದೆ ಸಡಿಲ. ಲಂಗದ ನೇಫೆಗೆ ಲಾಡಿ ಪೋಣಿಸುವುದನ್ನು ನೆನಪಿಸಿಕೊಳ್ಳಿ. ಪಿನ್ನಿನ ಹಿಂದೆ ಬಟ್ಟೆಯನ್ನು ಬೆರಳಿನಿಂದ ಹಿಡಿಯುತ್ತೇವೆ, ಮುಂದಿನ ನೆರಿಗೆಯನ್ನು ಬಿಡಿಸುತ್ತೇವೆ, ಪಿನ್ನು ಒಂದಂಗುಲ ಸರಿಯುತ್ತದೆ.

ಸದ್ಯಕ್ಕೆ ‘ಅಲೆನೂಕು’ ಎಂದು ಬರೆದುಕೊಂಡಿದ್ದೇನೆ. ‘ಸಿರೊಟೊನಿನ್ ಒಳಗಿನಿಂದ ತಾಗಿದಾಗ ಅಲೆನೂಕು ಚುರುಕಾಗುತ್ತದೆ’ ಎಂಬ ವಾಕ್ಯ ನನ್ನ ಕಿವಿಗೆ ಒಪ್ಪುತ್ತದೆ. ಮನೆಯಲ್ಲಿ ಓದಿ ಹೇಳಿದಾಗ ಮಾತ್ರ ‘ಬಸ್ಸಿನಲ್ಲಿ ನೂಕುನುಗ್ಗಲೇ?’ ಎಂಬ ಪ್ರಶ್ನೆ ಬಂತು. ‘ಅಲೆಹಿಂಡು’ ಎಂದರೆ ದನದ ಹಿಂಡು ನುಗ್ಗುತ್ತದೆ.

ಪಶುವೈದ್ಯರು ಯಾರಾದರೂ ಇಲ್ಲಿದ್ದರೆ ಒಂದು ಪ್ರಶ್ನೆ: ದನದ ಪಕ್ಕೆಗೆ ಕಿವಿಗೊಟ್ಟು ಕೇಳಿ, ‘ಒಳಗೆ ನಡೆಯುತ್ತಿಲ್ಲ’ ಎಂದು ರೈತರಿಗೆ ತಿಳಿಸುವಾಗ ನೀವು ಬಳಸುವ ಮಾತು ಯಾವುದು?