ಅಪ್‌ಡೇಟ್: ಗಿನಿಪಿಗ್‌ನ ಅಂಡಾಶಯದ ಸಿಸ್ಟ್‌ಗೆ ಕೊನೆಗೆ ಆಪರೇಷನ್ ಮಾಡಿಸಿದೆವು

ನಮ್ಮ ಗಿನಿಪಿಗ್ ಚಿನ್ನಿಗೆ ಅಂಡಾಶಯದಲ್ಲಿ ಸಿಸ್ಟ್ (ನೀರು ತುಂಬಿದ ಗುಳ್ಳೆ) ಆಗಿ, ಎರಡೂ ಪಕ್ಕೆಯ ಕೂದಲು ಉದುರಿ, ಹೊಟ್ಟೆ ಊದಿಕೊಂಡಿತ್ತು. ಹಾರ್ಮೋನ್ ಇಂಜೆಕ್ಷನ್ ಸಾಕಾ, ಆಪರೇಷನ್ ಬೇಕಾ ಅಂತ ಈ ಹಿಂದೆ ಇಲ್ಲಿ ಕೇಳಿದ್ದೆ. ಈಗ ಹುಷಾರಾಗಿದ್ದಾಳೆ.

ಮೊದಲು ಇಂಜೆಕ್ಷನ್ ಕೊಡಿಸಿದೆವು. ಪಕ್ಕೆಯಲ್ಲಿ ನವಿರಾಗಿ ಕೂದಲು ಬಂತು, ಆದರೆ ಹೊಟ್ಟೆ ಇಳಿಯಲಿಲ್ಲ. ಸೂಜಿಯಿಂದ ನೀರು ತೆಗೆಸಿದರೂ ಮತ್ತೆ ತುಂಬಿಕೊಂಡಿತು. "ಸ್ಕ್ಯಾನ್ ಮಾಡಿಸಿ, ಗಿನಿಪಿಗ್ ನೋಡಿ ಅನುಭವ ಇರುವ ಡಾಕ್ಟರ್ ಹತ್ತಿರ ಹೋಗಿ" ಅಂದವರ ಮಾತೇ ಕೆಲಸಕ್ಕೆ ಬಂತು. ಅವರಿಗೆ ತುಂಬಾ ಥ್ಯಾಂಕ್ಸ್.

ಗಿನಿಪಿಗ್‌ಗಳಲ್ಲಿ ಜಾಸ್ತಿ ಬರೋದು ಸೀರಸ್ ಸಿಸ್ಟ್ (ತಿಳಿ ನೀರು ತುಂಬಿದ ಗುಳ್ಳೆ), ಅದು ಹಾರ್ಮೋನಿಗೆ ಜಗ್ಗೋದಿಲ್ಲವಂತೆ. ಇಂಜೆಕ್ಷನ್‌ಗೆ ಇಳಿಯೋದು ಫಾಲಿಕ್ಯುಲರ್ ಸಿಸ್ಟ್ (ಹಾರ್ಮೋನ್ ಸುರಿಸಿ ಕೂದಲು ಉದುರಿಸುವ ಗುಳ್ಳೆ). ಚಿನ್ನಿಗೆ ಎರಡೂ ಇದ್ದವು! ಅದಕ್ಕೇ ಕೂದಲು ಬಂದರೂ ಹೊಟ್ಟೆ ಹಾಗೇ ಉಳಿದಿದ್ದು.

ಎರಡೂ ಅಂಡಾಶಯ, ಗರ್ಭಕೋಶ ತೆಗೆದರು. ಆಪರೇಷನ್‌ಗೆ ಮುಂಚೆ ಉಪವಾಸ ಇರಿಸಬೇಡಿ ಅಂತ ಡಾಕ್ಟರ್ ಅಂದಿದ್ದು ನನಗೆ ಆಶ್ಚರ್ಯ. ಗಿನಿಪಿಗ್ ವಾಂತಿ ಮಾಡೋದಿಲ್ಲ, ಹೊಟ್ಟೆ ಖಾಲಿ ಬಿಟ್ಟರೆ ಕರುಳೇ ನಿಂತುಹೋಗಬಹುದು. ನಿಜವಾದ ಕಷ್ಟ ಆಮೇಲಿನದು. ನೋವಿನ ಔಷಧಿ ಕೊಟ್ಟು, ಹುಲ್ಲಿನ ಪುಡಿ ಕಲಸಿ ಸಿರಿಂಜ್‌ನಲ್ಲಿ ಸ್ವಲ್ಪ ಸ್ವಲ್ಪವೇ ತಿನ್ನಿಸಿದೆವು, ರಾತ್ರಿಯೂ ಎದ್ದು. ಹಿಕ್ಕೆ ಸರಿಯಾಗಿ ಬೀಳುತ್ತಿದೆಯಾ ಅಂತ ನೋಡುತ್ತಲೇ ಇರಿ, ದಿನಾ ತೂಕ ಹಾಕಿ.

ತುಂಬಾ ವಯಸ್ಸಾಗಿದ್ದರೆ, ಹೃದಯದ ತೊಂದರೆ ಇದ್ದರೆ ಅರಿವಳಿಕೆಯ ಅಪಾಯದ ಬಗ್ಗೆ ಮೊದಲೇ ಡಾಕ್ಟರನ್ನು ಕೇಳಿ.